ಆಯಿ ಹಣೆ ಒರೆಸಿಕೊಂಡ ಬೆಳಗು

ಶುಕ್ರವಾರ ಸಂಜೆ ನಮ್ಮ ಚಾಳದಲ್ಲಿ ಅರಿಶಿನ ಕುಂಕುಮದ ತಟ್ಟೆ ಬಾಗಿಲಿಂದ ಬಾಗಿಲಿಗೆ ಹೋಗುತ್ತಿತ್ತು. ನನ್ನ ಬಾಗಿಲ ಹತ್ತಿರ ಬಂದಾಗ ಮಾತ್ರ ತಟ್ಟೆ ಹಿಡಿದವಳ ಹೆಜ್ಜೆ ಬಿರುಸಾಗುತ್ತಿತ್ತು. ಪಾಪ, ಅವಳದೇನೂ ತಪ್ಪಿಲ್ಲ. ವಿಧವೆಯ ಮುಂದೆ ಕುಂಕುಮ ಹಿಡಿದು ನಿಲ್ಲುವುದು ಅವಳಿಗೂ ಮುಜುಗರ, ನನಗೂ ಮುಜುಗರ. ಆದರೂ ಸರಿಯಾಗಿ ಅದೇ ಹೊತ್ತಿಗೆ ನಾನು ಬಾಗಿಲು ಪೂರಾ ತೆರೆದು, ಹೊಸ್ತಿಲ ಪಕ್ಕದಲ್ಲೇ ಕುಳಿತು ಶಾಲೆಯ ಹುಡುಗಿಯರ ಕಾಪಿ ತಿದ್ದುತ್ತಿದ್ದೆ. ದಾಟಿ ಹೋಗುವವರು ನನ್ನ ಮುಖ ನೋಡಿಕೊಂಡೇ ದಾಟಲಿ ಎಂಬ ಹಟ. ನನ್ನ ಸಿಟ್ಟು ಆಗಲೂ ಮೂಗಿನ ತುದಿಯಲ್ಲಿತ್ತು, ಈಗಲೂ ಅಲ್ಲೇ ಇದೆ.

ರಾಜ್ಯ ಒಂದಾದ ಹೊಸತು. ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿ ಹಳೇಹುಬ್ಬಳ್ಳಿಯ ಹೆಣ್ಣುಮಕ್ಕಳ ಶಾಲೆಗೆ ನೌಕರಿಗೆ ಬಂದಿದ್ದೆ. ಗಂಡನ ಮುಖ ನೆನಪಿನಲ್ಲಿ ಉಳಿಯದಷ್ಟು ಚಿಕ್ಕವಳಿದ್ದಾಗಲೇ ನನ್ನ ಮದುವೆಯೂ ಮುಗಿದಿತ್ತು, ಗಂಡನೂ ಮುಗಿದಿದ್ದ. ಅಪ್ಪ ಯಾರ ಮಾತೂ ಕೇಳದೆ ಓದಿಸಿದ. ಓದಿಸಿದ ಮೇಲೆ ಏನು ಮಾಡಬೇಕೆಂದು ಅವನಿಗೂ ಗೊತ್ತಿರಲಿಲ್ಲ. ಹಾಗಾಗಿ ಒಂದು ಖೋಲಿ, ಒಂದು ಸ್ಟೋವು, ಒಂದು ಟ್ರಂಕು, ಮತ್ತು ಊರೆಲ್ಲ ಕರೆಯುವ 'ಅಕ್ಕೋರು' ಎಂಬ ಹೆಸರು. ಹಗಲಿಗೆ ಇಷ್ಟು ಸಾಕಾಗುತ್ತಿತ್ತು. ಸಂಜೆಯ ಮಾತು ಬೇರೆ.

ಎದುರಿನ ಖೋಲಿಯಲ್ಲಿ ಆಯಿ ಇದ್ದಳು. ರಕ್ತಸಂಬಂಧವಲ್ಲ, ಚಾಳದವರೆಲ್ಲ ಕರೆಯುತ್ತಿದ್ದ ಹಾಗೆ ನಾನೂ ಆಯಿ ಎನ್ನುತ್ತಿದ್ದೆ. ಅರವತ್ತರ ಹತ್ತಿರದ ಹೆಂಗಸು, ಒಣಕಲು ಮೈ. ಬೆಳಗ್ಗೆ ಒಂದು ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ಬೇಸಿಗೆಯಲ್ಲಿ ಮನೆಮನೆಗೆ ಹೋಗಿ ಮೆಣಸಿನಕಾಯಿ ಕುಟ್ಟುತ್ತಿದ್ದಳು. ಆದರೆ ಆಕೆಗೆ ಇದ್ದ ಮಾನ ರೊಟ್ಟಿಯಿಂದ ಬಂದದ್ದಲ್ಲ. ಆಕೆ ಮುತ್ತೈದೆ, ಅದೂ 'ಕೈಗುಣದ ಮುತ್ತೈದಿ'. ಮದುವೆ ಮನೆಯಲ್ಲಿ ಮೊದಲ ಅರಿಶಿನದ ಕೊಂಬು ಆಕೆಯೇ ಕುಟ್ಟಬೇಕು. ಹಾಗೆ ಕುಟ್ಟಿಸಿಕೊಂಡ ಹುಡುಗಿಯರೆಲ್ಲ ವರ್ಷದೊಳಗೆ ತೊಟ್ಟಿಲು ತೂಗಿದರೆಂದು ಊರ ನಂಬಿಕೆ. ಸಾವಕಾರರ ಮನೆಯಲ್ಲಿ ಐದು ಮುತ್ತೈದೆಯರನ್ನು ಮಣೆಯ ಮೇಲೆ ಕೂರಿಸಿ ಉಣಿಸುವಾಗ ಮೊದಲ ಮಣೆ ಆಯಿಯದು. ಊಟವಾದ ಮೇಲೆ ಉಡಿ ತುಂಬಿ, ಕುಪ್ಪಸಕ್ಕೆ ಒಂದು ಖಣ ಕೊಟ್ಟು ಕಳಿಸುತ್ತಿದ್ದರು. ಅಂಥ ದಿನ ಆಯಿ ನನ್ನ ಖೋಲಿಗೆ ಬಂದು, ಸೆರಗಿನೊಳಗಿಂದ ಒಂದು ಹೋಳಿಗೆ ತೆಗೆದು, "ತಿನ್ರಿ ಅಕ್ಕೋರ, ಯಾರಿಗೂ ಹೇಳಬ್ಯಾಡ್ರಿ" ಎನ್ನುತ್ತಿದ್ದಳು. ಮುತ್ತೈದೆಯ ಎಲೆಯ ಹೋಳಿಗೆ ವಿಧವೆಗೆ ಕೊಡಬಾರದಂತೆ. ನಾನು ತಿನ್ನುವ ತನಕ ಎದುರಿಗೇ ಕುಳಿತಿರುತ್ತಿದ್ದಳು. ನನ್ನ ಖೋಲಿಯಲ್ಲಿ ಇನ್ನೊಬ್ಬರ ಉಸಿರಿನ ಸದ್ದು ಕೇಳುತ್ತಿದ್ದದ್ದು ಆವಾಗ ಮಾತ್ರ.

ಆಯಿಯ ಗಂಡ ಮಾತ್ರ ಎಲ್ಲೂ ಇರಲಿಲ್ಲ. ಆತ ಒಂದು ನಾಟಕ ಕಂಪನಿಯಲ್ಲಿ ಪರದೆ ಎಳೆಯುವ ಕೆಲಸಕ್ಕಿದ್ದನಂತೆ. ಒಂದು ದಿನ ಕಂಪನಿ ಹುಬ್ಬಳ್ಳಿಯ ಕ್ಯಾಂಪು ಎತ್ತಿತು. ಪರದೆಗಳ ಜೊತೆಗೆ ಗಂಡನೂ ಗಾಡಿ ಹತ್ತಿದ. "ಪಂಚಮಿಗೆ ಬರ್ತೇನಿ" ಎಂದು ಹೋದವನು ಯಾವ ಪಂಚಮಿಗೂ ಬರಲಿಲ್ಲ. ಕಂಪನಿ ಎಲ್ಲೋ ಒಡೆಯಿತು, ಅಲ್ಲಿದ್ದವರು ಹತ್ತು ಕಡೆಗೆ ಚದುರಿದರು. ಹನ್ನೆರಡು ವರ್ಷ ಸುದ್ದಿ ಇಲ್ಲದವನನ್ನು ಸತ್ತನೆಂದು ತಿಳಿದು, ಹುಲ್ಲಿನ ಬೊಂಬೆ ಮಾಡಿ ಸುಟ್ಟು, ಹೆಂಡತಿಯ ಕುಂಕುಮ ಅಳಿಸುವ ಪದ್ಧತಿ ಇತ್ತಲ್ಲ? ಆ ಗಡುವು ದಾಟಿದಾಗ ಊರ ಹಿರಿಯರೊಬ್ಬರು ಬಂದು ಆ ಮಾತು ಎತ್ತಿದರಂತೆ. ಆಯಿ ಒಲೆಯೊಳಗಿನ ಕೊಳ್ಳಿ ಹಿಡಿದು ಎದ್ದಳಂತೆ. "ಸುಡೂದಿದ್ರ ನಿಮ್ಮ ಗಡ್ಡಾ ಸುಡ್ತೇನಿ, ನನ್ನ ಗಂಡನ್ನಲ್ಲ!" ಆಮೇಲೆ ಯಾರೂ ಆ ಸುದ್ದಿಗೆ ಹೋಗಲಿಲ್ಲ. ಹಣೆಯ ಮೇಲೆ ಕಾಸಗಲ ಕುಂಕುಮ, ಕೈತುಂಬ ಹಸಿರು ಬಳೆ. ಗಂಡನಿದ್ದ ಎಷ್ಟೋ ಹೆಂಗಸರಿಗಿಂತ ಆಯಿಯೇ ಹೆಚ್ಚು ಮುತ್ತೈದೆಯಾಗಿ ಕಾಣುತ್ತಿದ್ದಳು.

ಒಂದು ಬೆಳಗ್ಗೆ ನಾನು ಶಾಲೆಗೆ ಹೊರಟಾಗ ಆಯಿ ತನ್ನ ಬಾಗಿಲಲ್ಲಿ ನಿಂತು ಕರೆದಳು.

"ಅಕ್ಕೋರ, ಈ ಕುಪ್ಪಸದ ತುದಿ ಸ್ವಲ್ಪ ಜಗ್ಗಿ ಕಟ್ರಿ. ಕೈ ಮ್ಯಾಲ ಏಳವಲ್ದು."

ನಮ್ಮ ಕಡೆಯ ಕುಪ್ಪಸಕ್ಕೆ ಆಗ ಗುಂಡಿ ಇರುತ್ತಿರಲಿಲ್ಲ, ಎದೆಯ ಕೆಳಗೆ ಎರಡು ತುದಿ ಎಳೆದು ಕಟ್ಟಬೇಕು. ನಾನು ಎಳೆದೆ. ಎಡಗಡೆಯ ಬಟ್ಟೆ ಮುಂದೆ ಬರಲಿಲ್ಲ. ಇನ್ನೊಮ್ಮೆ ಎಳೆಯುವಾಗ ಬೆರಳಿಗೆ ಒಳಗಿನಿಂದ ಏನೋ ಗಟ್ಟಿಯಾಗಿ ತಾಗಿತು, ನಿಂಬೆಕಾಯಿಯಂಥದ್ದು. ನಾನು ಕೈ ಹಿಂದೆ ತೆಗೆದುಕೊಂಡೆ.

"ಏನಿದು ಆಯಿ?"

"ಏನಿಲ್ರಿ, ಒಂದು ಗಡ್ಡಿ. ಹೋದ ದೀಪಾವಳಿಯಿಂದ ಐತಿ."

"ನೋಯ್ತದೇನ?"

"ನೋವಿಲ್ಲ. ನೋವ ಇಲ್ಲದ್ದು ಏನ ರೋಗರಿ?"

ಈ ಮಾತನ್ನು ನಾನು ಆಮೇಲೆ ಎಷ್ಟು ಮುದುಕಿಯರ ಬಾಯಲ್ಲಿ ಕೇಳಿದೆನೋ! ಹಲ್ಲು ನೋಯುತ್ತದೆ, ಮೊಣಕಾಲು ನೋಯುತ್ತದೆ, ಅವಕ್ಕೆ ಔಷಧ ಬೇಕು. ಸುಮ್ಮನೆ ಕುಳಿತ ಗಡ್ಡೆಗೆ ಯಾರು ದವಾಖಾನೆ ಹತ್ತುತ್ತಾರೆ? ಆಯಿ ಸುಣ್ಣ ಬೆಲ್ಲ ಕಲಸಿ ಹಚ್ಚಿದಳು, ಹರಳೆಣ್ಣೆ ಸವರಿ ಎಕ್ಕೆಯ ಎಲೆಯ ಶಾಖ ಕೊಟ್ಟಳು. ಚಾಳದ ಹೆಂಗಸರಿಗೆ ಹೇಳಲೇ ಇಲ್ಲ. ಮಕ್ಕಳಿಗೆ ಹಾಲು ಕೊಡುವವರಿಗೆ ಎದೆಯ ಬಾವು ಬಂದರೆ ಹೇಳಿಕೊಳ್ಳಬಹುದು. ಹಡೆಯದ ಮುದುಕಿಗೆ ಎದೆಯದೇನು ಸುದ್ದಿ ಎಂದು ನಕ್ಕಾರು ಎಂಬ ನಾಚಿಕೆ.

ಆ ವರ್ಷ ನಮ್ಮ ಶಾಲೆಯ ಮಕ್ಕಳ ಕಣ್ಣು, ಹಲ್ಲು ನೋಡಲು ಒಬ್ಬ ಲೇಡಿ ಡಾಕ್ಟರು ಬಂದರು. ಮಂಗಳೂರು ಕಡೆಯವರು, ಪುಸ್ತಕದಂಥ ಕನ್ನಡ. ಮಧ್ಯಾಹ್ನ ಚಹಾ ಕುಡಿಯುವಾಗ ನಾನು ಆಯಿಯ ಗಡ್ಡೆಯ ವಿಷಯ ಹೇಳಿದೆ. ಅವರು ಕಪ್ಪು ಕೆಳಗಿಟ್ಟರು.

"ವಯಸ್ಸೆಷ್ಟು?"

"ಅರವತ್ತರ ಹತ್ತಿರ."

"ನಾಳೆಯೇ ಕರೆದುಕೊಂಡು ಬನ್ನಿ. ಬಸುರಿ ಬಾಣಂತಿಯರನ್ನು ನೋಡುವುದಕ್ಕೆ ನಾವು ಹಳ್ಳಿಹಳ್ಳಿಗೆ ಹೋಗುತ್ತೇವೆ. ಹಡೆಯುವ ವಯಸ್ಸು ದಾಟಿದ ಬಡ ಹೆಂಗಸನ್ನು ಯಾರೂ ನೋಡುವುದಿಲ್ಲ. ಹುಣ್ಣು ಒಡೆದು ವಾಸನೆ ಬಂದ ಮೇಲೆ ಅವರೇ ಬರುತ್ತಾರೆ. ಆಗ ನಾನು ಮುಖ ನೋಡಿ ಕಳಿಸುವುದಷ್ಟೇ."

ಮರುದಿನ ಟಾಂಗಾದಲ್ಲಿ ಆಯಿಯನ್ನು ಕೂರಿಸಿಕೊಂಡು ಹೋದೆ. ಪರದೆಯ ಹಿಂದೆ ಹೋಗಿ ಕುಪ್ಪಸ ಬಿಚ್ಚಲು ಆಯಿ ಬಹಳ ಹೊತ್ತು ಒಪ್ಪಲಿಲ್ಲ. "ಹೆಂಗಸರ ಮುಂದ ಏನ ನಾಚಿಕಿ" ಎಂದು ನಾನು ಗದರಿದ ಮೇಲೆ ಬಿಚ್ಚಿದಳು. ಡಾಕ್ಟರು ಎರಡೂ ಕಡೆ ಕೈಯಾಡಿಸಿ ನೋಡಿ, ಕಂಕುಳಲ್ಲಿ ಬೆರಳಿಟ್ಟು ಬಹಳ ಹೊತ್ತು ಒತ್ತಿದರು. ಆಮೇಲೆ ಹೊರಗೆ ಬಂದು, ಕೈ ತೊಳೆಯುತ್ತ, ಏನೂ ಮುಚ್ಚಿಡದೆ ಹೇಳಿದರು. ಇದು ಕ್ಯಾನ್ಸರು. ಇನ್ನೂ ಒಳಗೆ ಬಹಳ ಹೋಗಿಲ್ಲ. ಎದೆಯನ್ನು ಪೂರ್ತಿ ತೆಗೆದುಹಾಕಿದರೆ ಬದುಕಬಹುದು. ತಡ ಮಾಡಿದರೆ ಇಲ್ಲ.

ಆಯಿ ಹೆದರಿದಂತೆ ಕಾಣಲಿಲ್ಲ. "ಕೊಯ್ರಿ. ಇನ್ನ ಅದರಿಂದ ನನಗೇನ ಆಗಬೇಕಾಗೇತಿ" ಎಂದಳು.

"ಹಾಗಾದರೆ ನಿಮ್ಮ ಯಜಮಾನರನ್ನು ಕರೆದುಕೊಂಡು ಬನ್ನಿ," ಎಂದರು ಡಾಕ್ಟರು, ಆಯಿಯ ಹಣೆಯ ಕುಂಕುಮ ನೋಡಿ. "ದೊಡ್ಡ ಆಪರೇಷನ್ನು. ಗಂಡ ಬಂದು ಒಪ್ಪದೆ ಸರ್ಜನ್ನರು ಕತ್ತಿ ಮುಟ್ಟುವುದಿಲ್ಲ."

ಆಗಿನ ಕಾಲಕ್ಕೆ ಎಲ್ಲ ಕಡೆಯೂ ಹಾಗೇ ಇತ್ತು. ಹೆಂಡತಿಯ ಮೈ ಕೊಯ್ಯಲು ಗಂಡನ ಮಾತು ಬೇಕು. ನಾನು ಬಾಯಿ ತೆರೆಯುವಷ್ಟರಲ್ಲಿ ಆಯಿ, "ಆತ್ರಿ, ಕರಕೊಂಡು ಬರ್ತೇನ್ರಿ," ಎಂದಳು. ಸಂತೆಯಿಂದ ಬದನೆಕಾಯಿ ತರುತ್ತೇನೆ ಎನ್ನುವಷ್ಟು ಸಲೀಸಾಗಿ.

ಆಯಿ ಬಾಗಿಲ ಹೊರಗೆ ಹೋದ ಮೇಲೆ ನಾನೊಬ್ಬಳೇ ಹಿಂದಿರುಗಿ ಡಾಕ್ಟರಿಗೆ ಗುಟ್ಟಾಗಿ ಕೇಳಿದೆ: ಗಂಡ ಇಲ್ಲದಿದ್ದರೆ?

"ತೀರಿಹೋಗಿದ್ದರೆ ತೊಂದರೆಯೇ ಇಲ್ಲ. ವಿಧವೆ ತನ್ನ ಒಪ್ಪಿಗೆ ತಾನೇ ಕೊಡಬಹುದು."

"ಇದ್ದಾನೋ ಇಲ್ಲವೋ ಗೊತ್ತಿಲ್ಲದಿದ್ದರೆ?"

ಅವರು ನನ್ನನ್ನೇ ನೋಡಿದರು. "ಅದನ್ನು ಆಕೆಯೇ ಹೇಳಬೇಕು."

ಟಾಂಗಾದಲ್ಲಿ ಹಿಂದಿರುಗುವಾಗ ನನಗೆ ಒಳಗೊಳಗೇ ನಗು ಬಂತು, ಕಹಿ ನಗು. ವಿಧವೆಯಾದರೆ ತಟ್ಟೆ ಮುಂದೆ ಬರುವುದಿಲ್ಲ, ಮಣೆ ಸಿಗುವುದಿಲ್ಲ, ಹೂವಿಲ್ಲ, ಹೋಳಿಗೆಯನ್ನೂ ಕದ್ದು ತಿನ್ನಬೇಕು. ಆದರೆ ಅವಳ ಮೈ ಮಾತ್ರ ಅವಳದು. ವಿಧವೆಯಾಗಿರುವುದರಲ್ಲಿ ಒಂದು ಉಪಯೋಗವಿದೆ ಎಂದು ಆವತ್ತೇ ನನಗೆ ತಿಳಿದದ್ದು.

ಆಯಿ ನಿಜವಾಗಿಯೂ ಗಂಡನನ್ನು ಕರೆತರಲು ಹೊರಟಳು. ಪಂಢರಪುರಕ್ಕೆ ಹೋಗುವವರ ಕೈಯಲ್ಲಿ ಹೇಳಿ ಕಳಿಸಿದಳು, ಶ್ರೀಶೈಲಕ್ಕೆ ಹೋಗುವವರ ಕೈಯಲ್ಲಿ ಹೇಳಿ ಕಳಿಸಿದಳು. "ಎತ್ತರದ ಮನಶ್ಯಾ, ಎಡಗಣ್ಣಿನ ಹುಬ್ಬಿನ್ಯಾಗ ಗಾಯದ ಗುರುತು. ಹೆಂಡ್ತಿಗೆ ಆಪ್ರೇಶನ್ ಐತಿ, ಒಂದ ದಿನದ ಮಟ್ಟಿಗೆ ಬಂದು ಹೋಗು ಅನ್ರಿ." ಹುಬ್ಬಳ್ಳಿಗೆ ಯಾವ ನಾಟಕ ಕಂಪನಿ ಬಂದರೂ ಥೇಟರಿನ ಹಿಂಬಾಗಿಲಿಗೆ ಹೋಗಿ ನಿಲ್ಲುತ್ತಿದ್ದಳು. ಒಮ್ಮೆ ನನ್ನನ್ನೂ ಕರೆದುಕೊಂಡು ಹೋದಳು. ಬಣ್ಣ ಹಚ್ಚುತ್ತಿದ್ದ ನಟರು, ಅರ್ಧ ರಾಜ ಅರ್ಧ ಮನುಷ್ಯರು, ತಲೆ ಅಲ್ಲಾಡಿಸಿದರು. ಪರದೆ ಎಳೆಯುವವನ ಹೆಸರು ಯಾರಿಗೆ ನೆನಪಿರುತ್ತದೆ? ಹೆಸರು ಹೇಳಿದವಳೂ ಆಯಿಯಲ್ಲ. ಗಂಡನ ಹೆಸರು ಆಕೆ ಹೇಳುವಂತಿಲ್ಲ, ನನ್ನಿಂದ ಹೇಳಿಸಿದಳು.

ಹೀಗೆ ಮಳೆಗಾಲ ಕಳೆಯಿತು. ಗಡ್ಡೆಯ ಮೇಲಿನ ಚರ್ಮ ನಿಂಬೆಯ ಸಿಪ್ಪೆಯ ಹಾಗೆ ಒರಟಾಗಿ ಒಳಗೆ ಸೆಳೆದುಕೊಳ್ಳತೊಡಗಿತು. ಅದನ್ನು ನಾನು ನೋಡಲಿಲ್ಲ, ಆಕೆಯೇ ಹೇಳಿದಳು. ಲೇಡಿ ಡಾಕ್ಟರು ಶಾಲೆಗೆ ಚೀಟಿ ಕಳಿಸಿ ಕೇಳಿದರು, ಮುದುಕಿ ಏಕೆ ಬರಲಿಲ್ಲ ಎಂದು. ಅಂದು ಸಂಜೆ ನನ್ನ ತಾಳ್ಮೆ ಹರಿಯಿತು.

"ಆಯಿ, ಅಂವ ಬರೂದಿಲ್ಲ. ಬರಾಂವ ಆಗಿದ್ರ ಇಷ್ಟೊತ್ತಿಗೆ ಬರ್ತಿದ್ದ. ಇಲ್ಲದ ಗಂಡನ್ನ ಹಣಿಮ್ಯಾಲ ಹೊತಗೊಂಡು ನೀ ಸಾಯ್ತಿ. ಒಂದ ಮಾತು, ಬರೇ ಒಂದ ಮಾತು ಡಾಕ್ಟರ್ ಮುಂದ ಹೇಳಿದ್ರ ಮುಗೀತು."

ಆಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಆ ಮಾತು ನನ್ನ ಬಾಯಿಂದ ಬಂದ್ರ ಅಲ್ಲಿ ಅಂವ ಬೀಳ್ತಾನ್ರಿ."

"ಎಲ್ಲಿ? ಎಲ್ಲಿ ಬೀಳ್ತಾನ? ಎಲ್ಲಿದ್ದಾನ ಅಂತರ ಗೊತ್ತೈತೇನ ನಿನಗ?"

"ನಿಮಗೇನ ಗೊತ್ತು ಅಕ್ಕೋರ," ಎಂದಳು ಮೆಲ್ಲಗೆ, ಹಿಟ್ಟಿನ ಮೇಲಿಂದ ಕಣ್ಣೆತ್ತದೆ. "ನೀವು ಗಂಡನ ಜೋಡಿ ಒಂದ ದಿನ ಸೈತ ಬಾಳೇ ಮಾಡಿಲ್ಲ."

ನಾನು ಎದ್ದು ಬಂದು ಬಾಗಿಲು ಹಾಕಿಕೊಂಡೆ. ಮಾತು ಖರೆಯಾಗಿತ್ತು, ಅದಕ್ಕೇ ಅಷ್ಟು ಸಿಟ್ಟು. ಅದಾದ ಮೇಲೆ ಆಯಿ ನನ್ನ ಖೋಲಿಗೆ ಬರಲಿಲ್ಲ, ನಾನು ಆಕೆಯ ಖೋಲಿಗೆ ಹೋಗಲಿಲ್ಲ. ಎದುರುಬದುರು ಬಾಗಿಲು, ಆಕೆ ಒಳಗೆ ಕೆಮ್ಮಿದರೆ ನನಗೆ ಕೇಳುತ್ತಿತ್ತು. ಶುಕ್ರವಾರಗಳು ಬಂದವು, ತಟ್ಟೆ ದಾಟಿ ಹೋಯಿತು, ಹೋಳಿಗೆಯೂ ನಿಂತಿತು. ಅಷ್ಟು ವರ್ಷ ಒಬ್ಬಳೇ ಇದ್ದರೂ ನಾನು ಒಬ್ಬಳೇ ಎಂದು ಅಳು ಬಂದದ್ದು ಆ ದಿನಗಳಲ್ಲಿ. ಒಂದು ತುಂಡು ಹೋಳಿಗೆಗೆ ಅತ್ತೆ ಎಂದರೆ ಜನ ನಗುತ್ತಾರೆ, ನಗಲಿ.

ಒಂದು ಬೆಳಗ್ಗೆ ನಲ್ಲಿಗೆ ನೀರು ಬರುವ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ತೆಗೆದೆ. ಆಯಿ ನಿಂತಿದ್ದಳು. ಮೊದಲು ಗುರುತೇ ಹತ್ತಲಿಲ್ಲ. ಹಣೆ ಬೋಳು. ಅಷ್ಟು ವರ್ಷ ಕುಂಕುಮ ಕುಳಿತ ಜಾಗದಲ್ಲಿ ಚರ್ಮ ಬೆಳ್ಳಗೆ, ಎಳೆಯ ಕೂಸಿನದರ ಹಾಗೆ ಕಾಣುತ್ತಿತ್ತು. ಕೈಯಲ್ಲಿ ಬಳೆ ಇಲ್ಲ. ಮಣಿಕಟ್ಟಿನಲ್ಲಿ ಎರಡು ಕಡೆ ಗಾಜು ತರಚಿ ರಕ್ತ ಒಣಗಿತ್ತು. ಬಳೆ ಒಡೆಯುವಾಗ ಇನ್ನೊಬ್ಬರು ಕೈ ಹಿಡಿದುಕೊಳ್ಳುತ್ತಾರೆ. ಆಯಿ ಒಬ್ಬಳೇ, ಬೀಸುವ ಕಲ್ಲಿಗೆ ಕೈ ಕುಟ್ಟಿ ಒಡೆದುಕೊಂಡಿದ್ದಳು.

"ನಡೀರಿ ಅಕ್ಕೋರ, ದವಾಖಾನಿಗೆ ಹೋಗೂಣು."

ನಾನೇ ಬೇಡಿ, ಬೈದು, ಹಟ ಮಾಡಿ ಕೇಳಿದ್ದು ಅದನ್ನೇ. ಆದರೂ ಆ ಹಣೆಯಿಂದ ಕಣ್ಣು ತಪ್ಪಿಸಿ ಚಪ್ಪಲಿ ಹುಡುಕತೊಡಗಿದೆ. ನಾನು ಚಿಕ್ಕಂದಿನಲ್ಲಿ ಹಾಗಾದಾಗ ನನಗೆ ಏನೂ ತಿಳಿದಿರಲಿಲ್ಲ. ಈ ಮುದುಕಿ ಎಲ್ಲ ತಿಳಿದು, ಬೆಳಗ್ಗೆ ಎದ್ದು, ತನ್ನ ಕೈಯಾರೆ ಮಾಡಿಕೊಂಡಿದ್ದಳು. ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತ ಹೆಂಗಸರು ಬಾಯಿ ತೆರೆದು ನೋಡಿದರು. ಒಬ್ಬಳು, "ಯವ್ವಾ, ಸುದ್ದಿ ಬಂತೇನ ಬೇ?" ಎಂದಳು. ಆಯಿ ಕೊಡಗಳ ನಡುವೆ ದಾರಿ ಮಾಡಿಕೊಂಡು ನಡೆದಳು.

ಡಾಕ್ಟರ ಮುಂದೆ ಆಯಿ ನೆಟ್ಟಗೆ ನಿಂತಳು. "ನನ್ನ ಗಂಡ ಸತ್ತಾನ್ರಿ. ನನಗ ಹಿಂದಿಲ್ಲ ಮುಂದಿಲ್ಲ. ನನ್ನ ಒಪ್ಪಿಗಿ ನಾನ ಕೊಡ್ತೇನಿ, ಕೊಯ್ರಿ." ಹೇಳಿ ಮುಗಿಸಿದ ಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡಳು.

ಆಪರೇಷನ್ನು ಆಯಿತು. ಜನರಲ್ ವಾರ್ಡಿನಲ್ಲಿ ಮಲಗಿಸಿದರು. ಶಾಲೆ ಬಿಟ್ಟ ಮೇಲೆ ದಿನಾ ನಾನು ಗಂಜಿ ಒಯ್ಯುತ್ತಿದ್ದೆ. ಪಕ್ಕದ ಕಾಟಿನಲ್ಲಿ ಉಣಕಲ್ಲಿನ ಆಚೆಯ ಹಳ್ಳಿಯ ಹೆಂಗಸು, ಆಯಿಯದೇ ವಯಸ್ಸು, ಅದೇ ರೋಗ. ನಾಲ್ಕು ಗಂಡುಮಕ್ಕಳು ಗಾಡಿ ಕಟ್ಟಿ ಕರೆತಂದಿದ್ದರು, ಗಂಡ ತಲೆದೆಸೆಯಲ್ಲಿ ಕೂತಿದ್ದ. ಒಪ್ಪಿಗೆ ಕೊಡುವ ಗಂಡಸರಿಗೇನೂ ಬರವಿರಲಿಲ್ಲ. ಆದರೆ ಆಕೆ ನಾಚಿಕೊಂಡು ಸೆರಗಿನೊಳಗೆ ಮುಚ್ಚಿಟ್ಟು, ಹುಣ್ಣು ಒಡೆದ ಮೇಲೆ ಬಾಯಿ ಬಿಟ್ಟಿದ್ದಳು. ಡಾಕ್ಟರು ಮುಟ್ಟಲಿಲ್ಲ. ಬುತ್ತಿ ಕಟ್ಟಿಕೊಂಡು ಬಂದ ಹಾಗೆಯೇ ಗಾಡಿ ಹಿಂದಿರುಗಿತು. ಅವಳು ಹೋಗುವಾಗ ಆಯಿಯ ಕಡೆ ತಿರುಗಿ, "ನೀನು ಪುಣ್ಯವಂತಿ ಬೇ, ಲಗೂನ ಬಂದಿ" ಎಂದಳು. ಆಯಿ ಗೋಡೆಯ ಕಡೆ ಮಗ್ಗುಲಾದಳು.

ಆಯಿ ಬದುಕಿದಳು. ಎಡಗೈ ಬಾತುಕೊಂಡಿತು, ಮೆಣಸಿನಕಾಯಿ ಕುಟ್ಟುವುದು ನಿಂತಿತು, ರೊಟ್ಟಿ ಮಾತ್ರ ಬಲಗೈಯಲ್ಲೇ ಬಡಿದಳು. ಲೇಡಿ ಡಾಕ್ಟರಿಗೆ ಆಯಿಯನ್ನು ಕಂಡರೆ ಹಿಗ್ಗು. ವರ್ಷಕ್ಕೊಮ್ಮೆ ಕರೆಸಿ ನೋಡುತ್ತಿದ್ದರು. "ಎಲ್ಲ ಚೆನ್ನಾಗಿದೆ" ಎಂದು ಬೆನ್ನು ತಟ್ಟುತ್ತಿದ್ದರು. ಖರೆ, ಎಲ್ಲ ಚೆನ್ನಾಗಿತ್ತು. ಸಾವಕಾರರ ಮನೆಯಿಂದ ಕರೆ ಮಾತ್ರ ಬರಲಿಲ್ಲ. ಮೊದಲ ಮಣೆಗೆ ಬೇರೆ ಮುತ್ತೈದೆ ಸಿಕ್ಕಳು. ಮದುವೆಯ ದಿಬ್ಬಣ ಬೀದಿಯಲ್ಲಿ ಬಂದರೆ ಆಯಿ ತಾನಾಗಿಯೇ ಒಳಗೆ ಸರಿದು ನಿಲ್ಲುತ್ತಿದ್ದಳು. ಚಾಳದಲ್ಲಿ ಒಂದು ಮಾತು ಹುಟ್ಟಿತ್ತು: ಸುದ್ದಿ ಗಿದ್ದಿ ಏನೂ ಬಂದಿರಲಿಲ್ಲವಂತೆ, ತನ್ನ ಜೀವ ಉಳಿಸಿಕೊಳ್ಳಲು ಮುದುಕಿ ಬಾಯಿಂದಲೇ ಗಂಡನನ್ನು ಕೊಂದಳಂತೆ. ನಲ್ಲಿಯ ಹತ್ತಿರ ಆ ಮಾತು ಆಡಿದವಳ ಜೊತೆ ನಾನು ಊರು ಕೇಳುವ ಹಾಗೆ ಜಗಳ ಆಡಿದೆ. ಜಗಳದಿಂದ ಆಯಿಗೆ ಏನೂ ಲಾಭವಾಗಲಿಲ್ಲ.

ಒಮ್ಮೆ ನಾನೇ ಹೇಳಿದೆ: "ದವಾಖಾನಿ ಸಲುವಾಗಿ ಹೇಳಿದ್ದು ಅದು. ಕೆಲಸ ಆತಲಾ, ಇನ್ನ ಕುಂಕುಮ ಹಚ್ಚಿಕೋ."

"ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು," ಎಂದಳು ಆಯಿ. "ಒಮ್ಮೆ ಅಳಿಸಿದ್ದು, ಹಬ್ಬ ಬಂತು ಅಂತ ಹಚ್ಚಿಕೊಳ್ಳಾಕ ಅದೇನ ಗ್ವಾಡಿ ಸುಣ್ಣೇನ್ರಿ?"

ಒಂದು ಆಸೆ ನನ್ನ ಮನಸ್ಸಿನಲ್ಲಿತ್ತು, ಅದನ್ನೂ ಹೇಳಿಬಿಡುತ್ತೇನೆ. ಈಗ ಆಯಿಯೂ ನನ್ನಂತಾದಳು. ಇನ್ನು ಶುಕ್ರವಾರ ಸಂಜೆ ಇಬ್ಬರೂ ಒಂದೇ ಖೋಲಿಯಲ್ಲಿ ಕುಳಿತು ಮಾತಾಡಬಹುದು ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಆಯಿ ಬರುತ್ತಿದ್ದಳು, ಕೂರುತ್ತಿದ್ದಳು, ಸ್ವಲ್ಪ ಹೊತ್ತಿಗೆ ಎದ್ದು ಹೋಗುತ್ತಿದ್ದಳು. ನನ್ನದು ಏನೂ ಇಲ್ಲದೆ ಹುಟ್ಟಿದ ಒಂಟಿತನ, ಆಕೆಯದು ಇದ್ದದ್ದನ್ನು ಕೊಟ್ಟು ತಂದದ್ದು. ಎರಡನ್ನೂ ಒಂದೇ ಚಾಪೆಯ ಮೇಲೆ ಕೂರಿಸಿದರೆ ಜೊತೆ ಆಗುವುದಿಲ್ಲ ಎಂದು ನನಗೆ ಗೊತ್ತಾಗಲು ವರ್ಷಗಳೇ ಬೇಕಾದವು. ಎರಡೂ ಬಾಗಿಲ ಮುಂದೆ ತಟ್ಟೆ ಹಿಡಿದವಳು ಬಿರುಸಾಗಿ ನಡೆದು ಹೋಗುತ್ತಿದ್ದಳು, ಅಷ್ಟೇ.

ವರ್ಷಗಳು ಹೋದವು. ಹುಬ್ಬಳ್ಳಿ ಧಾರವಾಡ ಎರಡೂ ಊರು ಸೇರಿ ಒಂದೇ ಮಹಾನಗರಪಾಲಿಕೆ ಎಂದರು. ಚಾಳಕ್ಕೆ ವಿದ್ಯುತ್ತು ಬಂತು. ಆಯಿಯ ಕೂದಲು ಪೂರಾ ಬೆಳ್ಳಗಾಯಿತು.

ಒಂದು ಆದಿತ್ಯವಾರ ಮಧ್ಯಾಹ್ನ ಒಬ್ಬ ಮುದುಕ ಚಾಳದೊಳಗೆ ಬಂದು ಆಯಿಯ ಮನೆ ಯಾವುದೆಂದು ಕೇಳಿದ. ಉದ್ದ ಕೂದಲು, ಮಾಸಿದ ಜರಿಯ ರುಮಾಲು. ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ಪೇಟಿ ನುಡಿಸುವವನೆಂದು ಹೇಳಿಕೊಂಡ. ನಾನೇ ಆಯಿಯ ಬಾಗಿಲಿಗೆ ಕರೆದುಕೊಂಡು ಹೋದೆ. ಅವನು ಹೊಸ್ತಿಲ ಹೊರಗೇ ಕುಳಿತ.

"ಹೋದ ವರ್ಷ ನಮ್ಮ ಕ್ಯಾಂಪಿಗೆ ಬಂದು ಕೇಳಿದ್ರಲ್ಲಾ ತಂಗಿ, ಹುಬ್ಬಿನ್ಯಾಗ ಗಾಯದ ಗುರುತು ಇದ್ದಾಂವ ಅಂತ?"

ನಾನು ಆಯಿಯ ಮುಖ ನೋಡಿದೆ. ಹೋದ ವರ್ಷ! ಹಣೆ ಒರೆಸಿಕೊಂಡು, ಡಾಕ್ಟರ ಮುಂದೆ ಸತ್ತನೆಂದು ಹೇಳಿ, ಅದಾದ ಮೇಲೂ ಈ ಹೆಂಗಸು ಪ್ರತಿ ಕಂಪನಿಯ ಹಿಂಬಾಗಿಲಿಗೆ ಹೋಗಿ ನಿಂತು ಕೇಳುತ್ತಲೇ ಇದ್ದಳು. ನನಗೆ ಹೇಳಿರಲಿಲ್ಲ.

ಮುದುಕ ಹೇಳಿದ. ಅಥಣಿ ಕಡೆಯ ಒಂದು ಕ್ಯಾಂಪಿನಲ್ಲಿ ಜ್ವರ ಬಂದು ಆತ ತೀರಿಕೊಂಡಿದ್ದನಂತೆ. ಆಗ ಜೊತೆಗಿದ್ದ ಒಬ್ಬ ನಟ ಈಗ ಸಿಕ್ಕು ಹೇಳಿದನಂತೆ. ಯಾವಾಗ ಎಂದು ನಾನು ಕೇಳಿದೆ. ಬಹಳ ಹಿಂದೆ, ಸ್ವಾತಂತ್ರ್ಯ ಬಂದ ಮರುವರ್ಷವೋ ಏನೋ ಎಂದ. ಅಂದರೆ ಗಡ್ಡೆ ಹುಟ್ಟುವ ಎಷ್ಟೋ ವರ್ಷ ಮೊದಲೇ ಅವನು ಇರಲಿಲ್ಲ. ಆಯಿ ಮಣೆಯ ಮೇಲೆ ಕುಳಿತು ಉಂಡದ್ದು, ಅರಿಶಿನ ಕುಟ್ಟಿದ್ದು, ನಾವು ಥೇಟರಿನ ಬಾಗಿಲಲ್ಲಿ ಕಾದದ್ದು, ಆಗೆಲ್ಲ ಆಯಿ ವಿಧವೆಯೇ. ಸಂಜೆಯೊಳಗೆ ಈ ಸುದ್ದಿ ಸಾವಕಾರರ ಮನೆ ಮುಟ್ಟಿ, 'ನಮ್ಮ ಮಗಳ ಮದುವೆಯಲ್ಲಿ ಅರಿಶಿನ ಕುಟ್ಟಿದಾಕಿ ವಿಧವಿ' ಎಂದು ಅಲ್ಲಿ ಎದೆ ಬಡಿದುಕೊಂಡರಂತೆ. ಆ ಮಗಳು ಮಕ್ಕಳನ್ನು ಹೆತ್ತು, ಗಂಡನನ್ನು ಉಣಿಸಿ ಉಣಿಸಿ ಡೊಳ್ಳು ಮಾಡಿ, ಸುಖವಾಗಿದ್ದಳು.

"ನೋಡು ಆಯಿ," ಎಂದೆ ನಾನು, ಮುದುಕ ಹೋದ ಮೇಲೆ. "ನಿನ್ನ ಮಾತಿನಿಂದ ಯಾರೂ ಸತ್ತಿಲ್ಲ. ಅಂವ ಮೊದಲ ಹೋಗಿದ್ದ." ಇದರಿಂದ ಆಕೆಗೆ ಸಮಾಧಾನವಾದೀತೆಂದು ನಾನು ತಿಳಿದಿದ್ದೆ.

ಆಯಿ ಎದ್ದಳು. "ತಲಿಮ್ಯಾಲ ನೀರ ಹಾಕ್ಕೋಬೇಕು. ಕೈ ಏಳೂದಿಲ್ಲ. ನೀವು ಹಾಕ್ತೀರೇನು ಅಕ್ಕೋರ?"

ಸಾವಿನ ಸುದ್ದಿ ಎಷ್ಟು ವರ್ಷ ತಡವಾಗಿ ಬಂದರೂ ಕೇಳಿದ ದಿನ ಸ್ನಾನ ಮಾಡಬೇಕು. ಚಾಳದ ಹಿಂದಿನ ಬಚ್ಚಲಿನಲ್ಲಿ ಆಯಿ ಕಲ್ಲಿನ ಮೇಲೆ ಕುಳಿತಳು. ಕುಪ್ಪಸ ಬಿಚ್ಚಿದಳು. ಆಪರೇಷನ್ನಾದ ಮೇಲೆ ಅದನ್ನು ಆಕೆ ಯಾರಿಗೂ ತೋರಿಸಿರಲಿಲ್ಲ, ಸ್ನಾನಕ್ಕೆ ಕದ ಹಾಕಿಕೊಂಡೇ ಕೂರುತ್ತಿದ್ದಳು. ಆವತ್ತು ನಾನು ನೋಡಿದೆ. ಎಡಗಡೆ ಏನೂ ಇರಲಿಲ್ಲ. ಎಲುಬಿನ ಮೇಲೆ ಚರ್ಮ ಎಳೆದು ಹೊಲಿದ ಗುರುತು ಕಂಕುಳ ತನಕ ಹೋಗಿತ್ತು. ನಾನು ತಂಬಿಗೆ ಹಿಡಿದು ಹಾಗೆಯೇ ನಿಂತೆ.

ಆಯಿ ಬಲಗೈಯಿಂದ ಆ ಜಾಗವನ್ನು ಒಮ್ಮೆ ಸವರಿಕೊಂಡಳು.

"ಅಂವ ಬಂದ್ರ ಇದನ್ನ ಹೆಂಗ ತೋರಸ್ಲಿ ಅಂತ ಇಷ್ಟ ವರ್ಷ ಅಂಜಿ ಅಂಜಿ ಸತ್ತೇನ್ರಿ ಅಕ್ಕೋರ," ಎಂದಳು. "ಇನ್ನ ಅಂಜಿಕಿ ಇಲ್ಲ. ಹಾಕ್ರಿ ನೀರು."

ಹಾಕಿದೆ.